ಅಂತ್ಯಕ್ರಿಯೆಯ ವೆಚ್ಚವೂ ಸೇರಿದೆ

ನಮ್ಮ ಸಾನ್ ಬರ್ನಾಬೆಯಲ್ಲಿ ಅರಿಸ್ತೀದೆಸ್ ಬೆರ್ರೊಕಾಲನ ಟ್ಯಾಕ್ಸಿ ಹತ್ತುವವರು ಎರಡೇ ಬಗೆ. ಒಂದು, ಊರಿಗೆ ಹೊಸಬರು. ಇನ್ನೊಂದು, ಹೋಗಬೇಕಾದ ಜಾಗಕ್ಕೆ ಹೋಗಲು ಮನಸ್ಸಿಲ್ಲದವರು: ಹಲ್ಲು ಕೀಳಿಸಿಕೊಳ್ಳಲು ಹೊರಟವರು, ನ್ಯಾಯಾಲಯದ ಕರೆ ಬಂದವರು, ಅತ್ತೆಯ ಹುಟ್ಟುಹಬ್ಬಕ್ಕೆ ತಡವಾಗಿ ತಲುಪಬೇಕೆಂದಿರುವವರು. ಅಷ್ಟು ನಿಧಾನ. ಮೀಸೆ ಮೂಡಿದಂದಿನಿಂದ ಕಾರು ಓಡಿಸುತ್ತಿದ್ದರೂ ಅದಕ್ಕೆ ಒಂದು ಗೀರೂ ಬಿದ್ದಿಲ್ಲವೆಂಬುದು ಅವನ ಹೆಮ್ಮೆ. ಗೀರು ಬೀಳಬೇಕಾದರೆ ಕಾರು ಚಲಿಸಬೇಕಲ್ಲ ಎಂಬುದು ಊರಿನ ಅಭಿಪ್ರಾಯ. ನನ್ನ ಕ್ಷೌರದಂಗಡಿ ಟ್ಯಾಕ್ಸಿ ನಿಲ್ದಾಣಕ್ಕೆ ಎದುರಾಗಿಯೇ ಇರುವುದರಿಂದ ಎರಡೂ ಪಕ್ಷದ ವಾದವನ್ನು ಕೇಳಿದವನು ನಾನು.

ಇಂಥವನ ಬಾಯಿಂದ ಒಂದು ಮಾತು ಹೊರಬಿತ್ತು. ಬಿದ್ದದ್ದು ಸಾವಿನ ಮನೆಯಲ್ಲಿ. ಕಬ್ಬಿಣದಂಗಡಿಯ ಯಜಮಾನರು ತೀರಿಕೊಂಡಿದ್ದರು. ಬೀದಿಯಲ್ಲಿ ಚಪ್ಪರ ಹಾಕಿ ಕುರ್ಚಿ ಇಟ್ಟಿದ್ದರು. ಗಂಡಸರು ದೊಮಿನೋ ಆಡುತ್ತ ಕಾಫಿ ಕುಡಿಯುತ್ತಿದ್ದರು. ಸಾವಿನ ಖರ್ಚಿನ ಮಾತು ಬಂತು. ಪೆಟ್ಟಿಗೆಯ ದರ, ಹೂವಿನ ದರ, ಸಮಾಧಿಯ ಗೂಡಿನ ದರ ಎಂದು ಒಬ್ಬೊಬ್ಬರೂ ನಿಟ್ಟುಸಿರು ಬಿಡುತ್ತಿದ್ದಾಗ ಅರಿಸ್ತೀದೆಸ್ ಕಾಲಮೇಲೆ ಕಾಲು ಹಾಕಿ ಹೇಳಿದ:

"ನನಗೇನೂ ಚಿಂತೆ ಇಲ್ಲಪ್ಪ. ನನ್ನ ಕಾರಿನ ವಿಮೇಲಿ ಅಂತ್ಯಕ್ರಿಯೆ ವೆಚ್ಚಾನೂ ಸೇರಿದೆ."

"ಕಾರಿನ ಅಂತ್ಯಕ್ರಿಯೆನಾ?" ಎಂದಳು ಔಷಧಿ ಅಂಗಡಿಯ ಎಮೀಲ್ಸೆ.

"ಮನುಷ್ಯರದ್ದು ಕಣಮ್ಮ!"

"ಯಾವ ಮನುಷ್ಯರದ್ದು?"

ಇಲ್ಲಿ ಸ್ವಲ್ಪ ನಿಜ ಹೇಳಬೇಕು. ಆ ದಿನ ಬೆಳಿಗ್ಗೆ ಅವನು ಟ್ಯಾಕ್ಸಿಯ ಕಡ್ಡಾಯ ವಿಮೆ ನವೀಕರಿಸಲು ಹೋಗಿದ್ದ. ಕಿಟಕಿಯ ಹಿಂದಿದ್ದ ಹುಡುಗಿ, "ಚಿಕಿತ್ಸೆ, ಅಂಗವೈಕಲ್ಯ, ಸಾವು ಮತ್ತು ಅಂತ್ಯಕ್ರಿಯೆಯ ವೆಚ್ಚವೂ ಸೇರಿದೆ ಸಾರ್" ಎಂದಿದ್ದಳು. ಅದರ ಮುಂದೆಯೂ ಅವಳು ಏನೋ ಹೇಳಿದಳು. ಅಷ್ಟರಲ್ಲಿ ಇವನು ಸಂತೋಷದಿಂದ ಕಿಟಕಿ ಬಿಟ್ಟು ಹೊರಟಿದ್ದ.

"ಯಾವ ಮನುಷ್ಯರದ್ದು ಅಂದ್ರೆ... ಕಾರಿಗೆ ಸೇರಿದವರದ್ದು. ನಾನು, ನನ್ನ ಹೆಂಡ್ತಿ ನೀದಿಯಾ, ನಮ್ಮ ಮಾವನೋರು."

"ಪೆಟ್ಟಿಗೆ ಕೊಡ್ತಾರಾ?"

"ಪೆಟ್ಟಿಗೆ ಇಲ್ದೆ ಅದೆಂಥ ಅಂತ್ಯಕ್ರಿಯೆ? ದೇವದಾರು ಮರದ್ದು."

"ಹೂವು?"

"ಹೂವೂ."

ದೊಮಿನೋ ಆಟ ನಿಂತಿತ್ತು. ಅವನ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಅವನ ಮಾತು ಕೇಳಿದ್ದು ಅದೇ ಮೊದಲು. ಮನುಷ್ಯ ಕುಡಿಯದೆಯೇ ಅಮಲೇರಲು ಅಷ್ಟು ಸಾಕು. ಆಗ ಮೂಲೆಯ ಕುರ್ಚಿಯಿಂದ ಒಂದು ಗೊಗ್ಗರು ದನಿ ಕೇಳಿತು:

"ಬ್ಯಾಂಡು?"

ಅವನ ಮಾವ, ದೋನ್ ಕಾಸಿಮೀರೋ ಲೋರಾ. ಸಿನೂ ನದಿಯ ದಂಡೆಯ ಊರೂರಿನ ಹಬ್ಬಗಳಲ್ಲಿ ಹಿತ್ತಾಳೆಯ ಬೊಂಬಾರ್ದೀನೋ ತುತ್ತೂರಿ ಊದಿ ಊದಿಯೇ ಶ್ವಾಸಕೋಶವನ್ನೂ ಸಂಸಾರವನ್ನೂ ಸವೆಸಿದ ಮನುಷ್ಯ. ಎಂಬತ್ತು ದಾಟಿತ್ತು.

"ಬ್ಯಾಂಡೂ ಇದೆ ಮಾವ," ಎಂದ ಅಳಿಯ.

"ಎಷ್ಟು ಜನದ್ದು?"

"ನಿಮಗೆಷ್ಟು ಬೇಕು?"

"ಹದಿನೆಂಟು. ಅದಕ್ಕೆ ಕಮ್ಮಿ ಆದ್ರೆ ಅದು ಬ್ಯಾಂಡಲ್ಲ, ಕೆಮ್ಮು."

"ಹದಿನೆಂಟು," ಎಂದ ಅರಿಸ್ತೀದೆಸ್, ತಾನೇ ವಿಮಾ ಕಂಪನಿಯ ಒಡೆಯ ಎಂಬಂತೆ.

ಚಪ್ಪರದಡಿ ನೀದಿಯಾಳ ಅಕ್ಕ ತುಲಿಯಾ ಕೂಡ ಇದ್ದಳು. ತಂದೆಯ ಹೆಸರಿನಲ್ಲಿ ತಿಂಗಳು ತಿಂಗಳೂ ಶವಸಂಸ್ಕಾರದ ಸಂಘಕ್ಕೆ ಕಂತು ಕಟ್ಟುತ್ತಿದ್ದವಳು ಅವಳೇ. ಆ ವಾರವೇ ಅವಳು ಸಂಘದ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸಿ, "ನಮಗೆ ಕಾರಿದೆ" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ದೋನ್ ಕಾಸಿಮೀರೋ ಹಾಸಿಗೆ ಹಿಡಿದದ್ದು ಈಸ್ಟರ್ ಕಳೆದ ಮೇಲೆ. ಡಾಕ್ಟರು ಎದೆಗೆ ಕೊಳವೆ ಇಟ್ಟು, ಬಹಳ ಹೊತ್ತು ಕೇಳಿ, ಕೊನೆಗೆ ಹೆಣ್ಣುಮಕ್ಕಳಿಬ್ಬರನ್ನೂ ಅಂಗಳಕ್ಕೆ ಕರೆದು, ಹೃದಯ ತನಗೆ ತೋಚಿದಾಗ ನಿಲ್ಲುತ್ತದೆ, ಮಾಡುವುದು ಏನೂ ಇಲ್ಲ ಎಂದರು. ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ತುಲಿಯಾ ಮೂಗೊರೆಸಿಕೊಂಡು, "ಕೊನೆ ಗಳಿಗೇಲಿ ಒದ್ದಾಡೋದು ಬೇಡ. ಪೆಟ್ಟಿಗೆ ಈಗ್ಲೇ ಆರಿಸಿಡೋಣ" ಎಂದಳು.

ಅರಿಸ್ತೀದೆಸನೂ ಸೇರಿ ಮೂವರೂ ಕಾರಿನಲ್ಲಿ ವಿಮಾ ಏಜೆಂಟ್ ಉರ್ಬಾನೋ ಸೊತೇಲೋನ ಕಚೇರಿಗೆ ಹೋದರು. ಉರ್ಬಾನೋ ಸಭ್ಯ ಮನುಷ್ಯ. ಫ್ಯಾನನ್ನು ಹೆಂಗಸರ ಕಡೆಗೆ ತಿರುಗಿಸಿ, ಏನಾಗಬೇಕಿತ್ತು ಎಂದು ಕೇಳಿದ.

"ಕಪ್ಪು ಪಾಲಿಶಿರಲಿ," ಎಂದಳು ತುಲಿಯಾ. "ಹಿಡಿ ಮಾತ್ರ ಹಿತ್ತಾಳೆದೇ ಆಗಬೇಕು."

"ಹಿಡಿ ಮುರಿದುಹೋಯ್ತಾ? ಎಡಗಡೆ ಬಾಗಿಲದೋ, ಬಲಗಡೆದೋ?"

"ಎರಡೂ ಕಡೆ ಬೇಕು. ಇಲ್ದಿದ್ರೆ ಆರು ಜನ ಹೊರೋದು ಹ್ಯಾಗೆ?"

ಉರ್ಬಾನೋ ಕಿಟಕಿಯಿಂದ ಆಚೆ ನಿಂತಿದ್ದ ಟ್ಯಾಕ್ಸಿ ನೋಡಿದ. "ಕಾರನ್ನ... ಹೊರ್ತೀರಾ?"

"ಅಪ್ಪನ್ನ ಹೊರ್ತೀವಿ!"

"ಒಳಗಡೆ ರೇಷ್ಮೆ ಬಟ್ಟೆ ಹಾಕ್ಸಿ," ಎಂದು ನೀದಿಯಾ ಮೆಲ್ಲಗೆ ಸೇರಿಸಿದಳು. "ಅವರಿಗೆ ಬೆನ್ನು ಬೇಗ ಉರಿಯತ್ತೆ."

ಹೀಗೆ ಒಂದಷ್ಟು ಹೊತ್ತು ಸೀಟಿನ ಹೊದಿಕೆ ಯಾವುದು, ಪೆಟ್ಟಿಗೆಯ ಹೊದಿಕೆ ಯಾವುದು ಎಂದು ತಿಳಿಯದೆ ನಾಲ್ವರೂ ಒದ್ದಾಡಿದ ಮೇಲೆ ಉರ್ಬಾನೋನಿಗೆ ವಿಷಯ ಹೊಳೆಯಿತು. ಅವನು ಫ್ಯಾನು ಆರಿಸಿದ.

"ಅಮ್ಮಾ, ಇದು ವಾಹನ ಅಪಘಾತದ ವಿಮೆ. ವಾಹನ ಓಡ್ತಿರಬೇಕು, ಅಪಘಾತ ಆಗ್ಬೇಕು, ಅದರಿಂದ ಯಾರಾದ್ರೂ ಸಾಯಬೇಕು. ಆಮೇಲೆ ಅವರ ಅಂತ್ಯಕ್ರಿಯೆಗೆ ಕೊಡ್ತಾರೆ."

"ಮಂಚದ ಮೇಲೆ ಸತ್ರೆ?"

"ಮಂಚ ರಸ್ತೇಲಿದ್ದು, ಅದಕ್ಕೆ ಕಾರು ಗುದ್ದಿದ್ರೆ ಕೇಳಿ ನೋಡಬಹುದು."

ತುಲಿಯಾ ನಿಧಾನವಾಗಿ ತಿರುಗಿ ತಂಗಿಯ ಗಂಡನನ್ನು ನೋಡಿದಳು. ಅವನು ಗೋಡೆಯ ಮೇಲಿದ್ದ ಹಡಗಿನ ಚಿತ್ರವನ್ನು ಬಹು ಆಸಕ್ತಿಯಿಂದ ನೋಡುತ್ತಿದ್ದ. ಆ ಹಡಗಿನಲ್ಲಿ ಒಂದು ಜಾಗ ಸಿಕ್ಕಿದ್ದರೆ ಆಗಲೇ ಹತ್ತುತ್ತಿದ್ದ.

ಅಲ್ಲಿಂದ ನೇರ ಶವಸಂಸ್ಕಾರದ ಸಂಘಕ್ಕೆ ಹೋದರು. ಕಂತು ತಪ್ಪಿದವರನ್ನು ಮತ್ತೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಹೊಸ ಸದಸ್ಯರು ಆರೋಗ್ಯವಂತರಾಗಿರಬೇಕು ಎಂದರು. ಯಾರು ಸಾಯುವುದಿಲ್ಲವೋ ಅವರನ್ನು ಹೂಳುವುದಕ್ಕೆ ಆ ಸಂಘ ಸದಾ ಸಿದ್ಧ.

ಅಂದು ಮಧ್ಯಾಹ್ನ ಆ ಮನೆಯಲ್ಲಿ ನಡೆದ ಮಾತು ನನ್ನ ಅಂಗಡಿಗೂ ಕೇಳಿತು, ಹೊಳೆಯಾಚೆಗೂ ಕೇಳಿರಬೇಕು.

"ದೇವದಾರು ಅಂತೆ! ಹದಿನೆಂಟು ಜನದ ಬ್ಯಾಂಡಂತೆ! ಲೋ, ನಿನ್ನ ಬಾಯಿಗೆ ಬ್ರೇಕ್ ಇಲ್ವೇನೋ? ಕಾರಿಗೆ ಹಾಕೋದರಲ್ಲಿ ಅರ್ಧ ಬಾಯಿಗೆ ಹಾಕಿದ್ರೆ ನಮ್ಮಪ್ಪನ್ನ ಮುನಿಸಿಪಾಲಿಟಿ ಪುಕ್ಕಟೆ ಹಲಗೆ ಪೆಟ್ಟಿಗೇಲಿ ಕಳಿಸೋ ಗತಿ ಬರ್ತಿತ್ತಾ?"

"ಆ ಹುಡುಗಿ ಹೇಳಿದ್ಳು ಅತ್ತಿಗೆ, ಸೇರಿದೆ ಅಂತ..."

"ಕಾರಲ್ಲಿ ಸತ್ರೆ ಸೇರಿದೆ! ಕಾರಲ್ಲಿ!"

ಆಗ ಒಳಕೋಣೆಯ ಪರದೆ ಸರಿಯಿತು. ಎದ್ದು ನಿಲ್ಲಲಾರರು ಎಂದು ಡಾಕ್ಟರು ಹೇಳಿದ್ದ ದೋನ್ ಕಾಸಿಮೀರೋ ಎದ್ದು ನಿಂತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಕಪ್ಪು ಬಿಳಿ ಪಟ್ಟೆಯ ಹುಲ್ಲಿನ ಟೋಪಿ.

"ಇದಕ್ಕೆ ಇಷ್ಟೊಂದು ಕೂಗಾಟ ಯಾಕೆ? ಕಾರಲ್ಲೇ ಸಾಯ್ತೀನಿ."

"ಅಪ್ಪಾ, ಬರೀ ಕೂತು ಸತ್ರೆ ಆಗಲ್ವಂತೆ, ಅಪಘಾತ ಆಗ್ಬೇಕಂತೆ," ಎಂದು ನೀದಿಯಾ ಅಳತೊಡಗಿದಳು.

"ಅಪಘಾತದ ಕೆಲಸ ಅಳಿಯ ನೋಡ್ಕೊಳ್ಳಲಿ. ಸಾಯೋ ಕೆಲಸ ನಾನು ನೋಡ್ಕೋತೀನಿ. ಮನೇಲಿ ಒಬ್ಬೊಬ್ಬರು ಒಂದೊಂದು ಕೆಲಸ ಹಂಚ್ಕೊಂಡ್ರೆ ಎಲ್ಲ ಸಲೀಸು."

ಹೇಳಿದವರೇ ಬೀದಿಗಿಳಿದು, ಮುಂದಿನ ಸೀಟಿನಲ್ಲಿ ಕುಳಿತು, ಬಾಗಿಲೆಳೆದುಕೊಂಡರು.

ಅಂದಿನಿಂದ ಬೆಳಿಗ್ಗೆ ಕಾರು ಹೊರಡುವ ಮುಂಚೆ ಅವರು ಹತ್ತಿ ಕೂರುವುದು, ಸಂಜೆ ಕಾರು ಮನೆಗೆ ಬಂದ ಮೇಲೆ ಇಳಿಯುವುದು ಎಂದಾಯಿತು. ಊರಿಗೆ ಇದು ಮೊದಮೊದಲು ಗಾಬರಿಯಾಯಿತು, ಆಮೇಲೆ ಅಭ್ಯಾಸವಾಯಿತು. ಬೀದಿಯವರು ಕಿಟಕಿಗೆ ಬಗ್ಗಿ ವಿಚಾರಿಸುತ್ತಿದ್ದರು:

"ಇನ್ನೂ ಇಲ್ವಾ ದೋನ್ ಕಾಸಿಮೀರೋ?"

"ಇನ್ನೂ ಇಲ್ಲ ಕಣಮ್ಮ. ನಾನು ರೆಡಿ. ಡ್ರೈವರ್ ಮನಸ್ಸು ಮಾಡ್ತಿಲ್ಲ."

ಗಿರಾಕಿಗಳದ್ದೇ ಕಷ್ಟ. ಮುಂದಿನ ಸೀಟಿನಲ್ಲಿ ಸಾವಿಗೆ ಕಾದು ಕುಳಿತವರನ್ನು ಇಟ್ಟುಕೊಂಡು ಮಾರುಕಟ್ಟೆಗೆ ಹೋಗುವುದು ಎಲ್ಲರಿಗೂ ಒಗ್ಗುವುದಿಲ್ಲ. ಬಡಗಿಯ ಹೆಂಡತಿಗೆ ಹೆರಿಗೆ ನೋವು ಬಂದಾಗ ನಿಲ್ದಾಣದಲ್ಲಿ ಬೇರೆ ಕಾರಿರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ಬಂದು, ಕಿಟಕಿಯಲ್ಲಿ ಮುದುಕರನ್ನು ಕಂಡು, ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡಪ್ಪ. ಒಬ್ಬರು ಬರ್ತಾ, ಇನ್ನೊಬ್ಬರು ಹೋಗ್ತಾ, ಒಂದೇ ಕಾರಲ್ಲಿ ಬೇಡ. ಅದಲುಬದಲಾದ್ರೆ ಯಾರು ಹೊಣೆ?"

ಅವಳು ಕತ್ತೆಗಾಡಿಯಲ್ಲಿ ಆಸ್ಪತ್ರೆಗೆ ಹೋದಳು. ಅರಿಸ್ತೀದೆಸನಿಗಿಂತ ಮುಂಚೆ ತಲುಪಿದಳು ಎಂಬುದು ಬೇರೆ ಮಾತು. ಅವನು ಗಿರಾಕಿಯಿಲ್ಲದ ಕಾರಿನಲ್ಲಿ ಅವಳ ಹಿಂದೆಯೇ, ಕಾಳಜಿಯಿಂದ, ಹೋಗಿದ್ದ.

ಪಾದ್ರಿಗಳು ಕಾರಿನ ಬಳಿಗೇ ಬಂದು, ಚರ್ಚಿನ ಒಳಗೆ ಕೊನೆಯ ಸಂಸ್ಕಾರ ಪಡೆಯುವಂತೆ ಕರೆದರು.

"ಇಲ್ಲ ಫಾದರ್. ಅಲ್ಲೇನಾದ್ರೂ ಸತ್ತುಬಿಟ್ರೆ ವಿಮೆ ಬರಲ್ಲ."

"ದೇವರ ಮನೇಲಿ ಸಾಯೋದು ಪುಣ್ಯ ಕಾಸಿಮೀರೋ."

"ಪುಣ್ಯ ಸರಿ ಫಾದರ್. ಬ್ಯಾಂಡು ಯಾರು ಕೊಡ್ತಾರೆ?"

ಪಾದ್ರಿಗಳು ಎಣ್ಣೆಯನ್ನು ಕಿಟಕಿಯಿಂದಲೇ ಹಚ್ಚಿ, ಬಾಗಿಲಿಗೂ ಒಂದು ಶಿಲುಬೆ ಎಳೆದು ಹೋದರು.

ವಿಚಿತ್ರವೆಂದರೆ ಮುದುಕರು ಗೆಲುವಾಗುತ್ತ ಬಂದರು. ಕತ್ತಲೆಕೋಣೆಯಲ್ಲಿ ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದವರು ಈಗ ಹೊಳೆಯ ಗಾಳಿ ಕುಡಿಯುತ್ತ, ಹಳೆಯ ಗೆಳತಿಯರನ್ನು ಕೂಗಿ ಮಾತಾಡಿಸುತ್ತ, ಯಾರೋ ತಂದುಕೊಟ್ಟ ಗೆಣಸು ಚೀಸಿನ ಮೊತೆ ಸಾರನ್ನು ಬಟ್ಟಲೆತ್ತಿ ಸುರಿದುಕೊಳ್ಳತೊಡಗಿದರು. ಕೆನ್ನೆಗೆ ಬಣ್ಣ ಬಂತು. ಸೊರಗಿದವನು ಅರಿಸ್ತೀದೆಸ್. ಪಕ್ಕದಲ್ಲಿ ಇಂಥ ಹೃದಯ ಕುಳಿತಿರುವಾಗ ರಸ್ತೆಯ ಒಂದು ಗುಂಡಿಯೊಳಗೆ ಚಕ್ರ ಇಳಿಸುವುದೆಂದರೂ ಅವನಿಗೆ ಮೈ ಬೆವರುತ್ತಿತ್ತು. ಮೊದಲು ಅವನನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. ಈಗ ಊರುಗೋಲಿನವರೂ ಹಿಂದೆ ಹಾಕಿದರು.

"ಈ ವೇಗದಲ್ಲಿ ಕೋಳಿನೂ ಸಾಯಲ್ಲ," ಎನ್ನುತ್ತಿದ್ದರು ಮಾವ. "ಒತ್ತೋ ಮಾರಾಯ."

ಮನೆಯಲ್ಲಿ ತುಲಿಯಾ ಕಾದಿರುತ್ತಿದ್ದಳು. "ಇವತ್ತೂ ಏನೂ ಆಗ್ಲಿಲ್ವಾ? ಇಷ್ಟು ದೊಡ್ಡ ಊರಲ್ಲಿ ಗುದ್ದೋಕೆ ಒಂದು ಕಂಬ ಸಿಗ್ಲಿಲ್ವಾ ನಿನಗೆ?" ಎಂದವಳೇ ತಾನು ಏನೆಂದೆ ಎಂದು ಹೊಳೆದು, ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ತಂದೆಯ ಕಾಲು ಒತ್ತಲು ಓಡುತ್ತಿದ್ದಳು. ನೀದಿಯಾ ಅಕ್ಕನೊಡನೆಯೂ ಗಂಡನೊಡನೆಯೂ ಮಾತು ಬಿಟ್ಟಳು. ಗಂಡನ ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು.

ಆ ಸದ್ದು ತಾಳಲಾರದೆ ಅವನು ಒಂದು ದಿನ ಪ್ರಯತ್ನಪಟ್ಟ. ಅಕ್ಕಿ ಗಿರಣಿಯ ಹಿಂದಿನ ಖಾಲಿ ರಸ್ತೆ. ಎದುರಿಗೆ ಗೋಡೆ. ನಿಲ್ಲಿಸಿ, ಬೆವರೊರೆಸಿಕೊಂಡು, "ಮಾವ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದ.

"ಹಿಡ್ಕೊಂಡ್ರೆ ಏನಪ್ಪಾ ಪ್ರಯೋಜನ? ಬಿಟ್ಟೇ ಕೂತಿದೀನಿ. ಹೊಡಿ."

ಅರಿಸ್ತೀದೆಸ್ ಕಣ್ಣು ಮುಚ್ಚಿ ಒತ್ತಿದ. ಕಾರು ಹೊರಟಿತು. ಕಣ್ಣು ತೆರೆದಾಗ ಗೋಡೆ ಇನ್ನೂ ಒಂದು ಮನೆಯಷ್ಟು ದೂರದಲ್ಲಿತ್ತು, ಅವನ ಕಾಲು ಬ್ರೇಕಿನ ಮೇಲಿತ್ತು, ಮತ್ತು ಅವನು ಬಿಕ್ಕುತ್ತಿದ್ದ. ಗಿರಣಿಯವರು ನೋಡಿದ್ದು ಇಷ್ಟು: ಸಾಯಬೇಕಾದವರು ಓಡಿಸುವವನ ಬೆನ್ನು ಸವರುತ್ತ, "ಬಿಡು ಮಗಾ, ಬಿಡು. ನಿನ್ನ ಕೈಲಾಗಲ್ಲ. ನಡಿ, ಎಲ್ಲಾದ್ರೂ ಎಳನೀರು ಕುಡಿಯೋಣ" ಎನ್ನುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ದೋಣಿಕಟ್ಟೆಯ ರಸ್ತೆಯಲ್ಲಿ ಒಂದು ಹಂದಿ ತನ್ನ ಮರಿಗಳ ಸಮೇತ ಅಡ್ಡ ಬಂತಂತೆ. ಇವನು ನಿಲ್ಲಿಸಿದ. ಹಂದಿಗೆ ಅವಸರವಿರಲಿಲ್ಲ, ಇವನಿಗೂ ಇರಲಿಲ್ಲ. ದಾಟಿದ ಮೇಲೆ ಹೊರಟ. ದಾರಿಯುದ್ದಕ್ಕೂ ಮಾವನೊಡನೆ ಮಾತಾಡುತ್ತ ಬಂದ: ಟಯರು ಸವೆದಿದೆ, ನೀದಿಯಾ ನಿನ್ನೆ ಒಂದು ಮಾತಾಡಿದಳು, ಉಪ್ಪು ತೆಗೆದುಕೊಳ್ಳಿ ಎಂದಳು, ಅದೇ ಸಮಾಧಾನ. ನನ್ನ ಅಂಗಡಿಯೆದುರು ನಿಲ್ಲಿಸಿ ಕೂಗಿದ: "ನೆಫ್ತಾಲಿ, ನಮ್ಮ ಮಾವನೋರಿಗೆ ಇಲ್ಲೇ ಒಂದು ಶೇವ್ ಮಾಡಿ. ಅವರು ಇಳಿಯಲ್ಲ, ಗೊತ್ತಲ್ಲ."

ನಾನು ಬಟ್ಟಲು, ಬ್ರಷ್ಷು ಹಿಡಿದು ಹೋದೆ. ಟೋಪಿ ಹಿಂದಕ್ಕೆ ಸರಿಸಿ ಒಂದು ಕೆನ್ನೆಗೆ ನೊರೆ ಹಚ್ಚಿದೆ. ಕ್ಷೌರಿಕನ ಕೈಗೆ ಚರ್ಮ ಮಾತಾಡುತ್ತದೆ. ಬ್ರಷ್ಷು ಕೆಳಗಿಟ್ಟೆ.

"ಅರಿಸ್ತೀದೆಸ್, ನಿಮ್ಮ ಮಾವ ಎಲ್ಲಿಂದ ಈಚೆಗೆ ಮಾತಾಡಿಲ್ಲ?"

"ದೋಣಿಕಟ್ಟೆಯಿಂದ. ನನ್ನ ಮೇಲೆ ಬೇಜಾರು ಮಾಡ್ಕೊಂಡಿದ್ದಾರೆ. ಯಾಕೆ?"

ಸಂಚಾರ ಠಾಣೆಯ ಸಾರ್ಜೆಂಟ್ ಪಾಚೆಕೋ ಬರುವಷ್ಟರಲ್ಲಿ ಬೀದಿ ತುಂಬಿತ್ತು. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು, ಒಂದು ಕೆನ್ನೆಯ ನೊರೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾರಿನ ಸಮೇತ ಎಲ್ಲರನ್ನೂ ಠಾಣೆಗೆ ಕರೆದೊಯ್ದರು. ನೀದಿಯಾ, ತುಲಿಯಾ ಅಳುತ್ತ ಓಡಿ ಬಂದರು. ಸಾರ್ಜೆಂಟ್ ದೊಡ್ಡ ಪುಸ್ತಕ ತೆರೆದು ಕೇಳಿದರು:

"ಅಪಘಾತನೋ, ಅಲ್ವೋ?"

ಅರಿಸ್ತೀದೆಸ್ ತುಲಿಯಾಳ ಕಡೆ ನೋಡಿದ.

"ಸರಿಯಾಗಿ ಕೇಳಿಸ್ಕೋ," ಎಂದರು ಸಾರ್ಜೆಂಟ್. ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. "ಅಪಘಾತ ಅಂದ್ರೆ, ಸತ್ತೋರು ಒಬ್ಬರು, ಸಾಯಿಸಿದೋನು ಒಬ್ಬ. ಸತ್ತೋರಿಗೆ ವಿಮೆ, ಸಾಯಿಸಿದೋನಿಗೆ ಕೇಸು. ಅಪಘಾತ ಅಲ್ಲ ಅಂದ್ರೆ ಕೇಸೂ ಇಲ್ಲ, ವಿಮೇನೂ ಇಲ್ಲ. ಒಂದು ಮಾತು ಹೇಳು, ಬರ್ಕೋತೀನಿ."

ಆಗ ನಮ್ಮ ಊರಿನ ಒಳ್ಳೆಯತನ ಎದ್ದು ನಿಂತಿತು. ಮೊದಲು ಮುಂದೆ ಬಂದವಳು ಎಮೀಲ್ಸೆ.

"ನಾನೇ ಕಣ್ಣಾರೆ ನೋಡ್ದೆ ಸಾರ್ಜೆಂಟ್. ಗಾಳಿ ಹಾಗೆ ಬಂದ. ನೂರಿಪ್ಪತ್ತರಲ್ಲಿದ್ದ."

"ಮಾರುಕಟ್ಟೆ ಬೀದೀಲಿ?"

"ಬುಧವಾರ ಜನ ಕಮ್ಮಿ."

"ನನ್ನ ಸೈಕಲ್ಲನ್ನೇ ಹಿಂದೆ ಹಾಕ್ದ ಸಾರ್!" ಎಂದ ರೊಟ್ಟಿ ಮಾರುವವನು, ಅದು ಎಂಥ ಆರೋಪವೆಂದು ಎಲ್ಲರಿಗೂ ತಿಳಿಯಲಿ ಎಂಬಂತೆ ಸುತ್ತ ನೋಡುತ್ತ.

"ಇವನು ಯಾವಾಗಲೂ ಹೀಗೇ. ರಾಕ್ಷಸ. ಮಕ್ಕಳನ್ನ ಬೀದಿಗೆ ಬಿಡೋಕೇ ಭಯ ನಮಗೆ," ಎಂದಳು ಬಡಗಿಯ ಹೆಂಡತಿ, ತೋಳಿನಲ್ಲಿದ್ದ ಕೂಸನ್ನು ಸಾಕ್ಷಿಗೆ ಎತ್ತಿ ಹಿಡಿದು.

"ಯಾವುದಕ್ಕೆ ಗುದ್ದಿದ?" ಎಂದರು ಸಾರ್ಜೆಂಟ್. "ಕಾರಿಗೆ ಒಂದು ಗೀರೂ ಇಲ್ವಲ್ಲ."

ಹೊರಗಿನಿಂದ ಗಾಜು ಒಡೆದ ಸದ್ದು. ಇನ್ನೊಂದು. ಆಮೇಲೆ ತಗಡಿನ ಮೇಲೆ ಕಲ್ಲು ಬಿದ್ದಂಥದ್ದು. ತುಲಿಯಾ ಒಳಗೆ ಇರಲಿಲ್ಲ. ಅವಳು ಲಂಗದಲ್ಲೇ ಕೈಯೊರೆಸಿಕೊಳ್ಳುತ್ತ ಒಳಬಂದು, "ಈಗ ನೋಡಿ ಸಾರ್ಜೆಂಟ್, ಹೊರಗೆ ಬಿಸಿಲಲ್ಲಿ ಸರಿಯಾಗಿ ಕಾಣತ್ತೆ" ಎಂದಳು.

ಅರಿಸ್ತೀದೆಸ್ ಕಿಟಕಿಯತ್ತ ತಿರುಗಲಿಲ್ಲ. ತನ್ನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ನೀದಿಯಾಳನ್ನು ನೋಡಿದ. ಅವಳು ಬೆಂಚಿನ ಮೇಲೆ ತಂದೆಯ ಊರುಗೋಲನ್ನು ತಬ್ಬಿಕೊಂಡು ಕುಳಿತಿದ್ದಳು. ಅವನು ಎರಡು ಹೆಜ್ಜೆ ಮುಂದೆ ಬಂದು, ಮೇಜಿನೆದುರು ನೆಟ್ಟಗೆ ನಿಂತ.

"ಬರ್ಕೊಳ್ಳಿ ಸಾರ್ಜೆಂಟ್. ಇವರು ಹೇಳಿದ್ದೆಲ್ಲ ನಿಜ. ನಾನೇ ಕೊಂದೆ."

ಸಾರ್ಜೆಂಟರ ಪೆನ್ನು ಓಡಿತು.

"ಹೇಗೆ?"

"ನಾನು... ತುಂಬಾ ಜೋರಾಗಿ ಓಡಿಸ್ತಿದ್ದೆ."

ಅವನು ಅದನ್ನು ಹೇಳಿದ ರೀತಿಯನ್ನು ನಾನು ಬರೆದು ತೋರಿಸಲಾರೆ. ಅಷ್ಟು ಗಂಭೀರವಾಗಿ, ಅಷ್ಟು ನಿಧಾನವಾಗಿ ಹೇಳಿದ. ಹಿಂದಿನ ಸಾಲಿನಲ್ಲಿ ಯಾರದ್ದೋ ಮೂಗಿನಿಂದ ಒಂದು ಸದ್ದು ಹೊರಟಿತು. ಎಮೀಲ್ಸೆ ಬಾಯಿಗೆ ಕೈ ಅಡ್ಡ ಹಿಡಿದಳು; ಬೆರಳ ಸಂದಿನಿಂದ ಕೀಚಲು ನಗೆ ಸೋರಿತು. ರೊಟ್ಟಿಯವನು ಗೋಡೆಗೆ ಮುಖ ಮಾಡಿದ, ಅವನ ಬೆನ್ನು ಕುಣಿಯುತ್ತಿತ್ತು. ಅಷ್ಟೇ, ಕಟ್ಟೆ ಒಡೆಯಿತು. ಇಡೀ ಠಾಣೆ ನಕ್ಕಿತು. ಹೊರಗೆ ಕಾರಿನಲ್ಲಿ ಹೆಣವಿತ್ತು, ಒಳಗೆ ಜನ ಕಣ್ಣೀರು ಸುರಿಸುತ್ತ, ಒಬ್ಬರ ಹೆಗಲನ್ನೊಬ್ಬರು ಹಿಡಿದು, ನಿಲ್ಲಿಸಲಾಗದೆ ನಗುತ್ತಿದ್ದರು. ಸಾರ್ಜೆಂಟ್ ಒಮ್ಮೆ ಅವನ ಟ್ಯಾಕ್ಸಿಯಲ್ಲಿ ತಮ್ಮ ಮದುವೆಗೇ ತಡವಾಗಿ ಹೋದವರು. ಅವರು ಮೀಸೆಯನ್ನು ಕಚ್ಚಿ ಹಿಡಿದು ಪುಸ್ತಕದೊಳಗೆ ತಲೆ ಹುದುಗಿಸಿದ್ದರು. ನೀದಿಯಾಳ ಮುಖ ಅಂಗೈಯಲ್ಲಿತ್ತು, ಹೆಗಲು ಅದುರುತ್ತಿತ್ತು. ಅಳುತ್ತಿದ್ದಾಳೆಂದು ಗಂಡ ಹತ್ತಿರ ಹೋದ. ಅವಳು ಕೈ ತೆಗೆದಳು. ಅವಳೂ ನಗುತ್ತಿದ್ದಳು.

ನಗದೆ ನಿಂತಿದ್ದವನು ಅವನೊಬ್ಬನೇ. "ನಿಜವಾಗ್ಲೂ," ಎಂದ. "ನಿಜವಾಗ್ಲೂ ಜೋರಾಗಿ ಓಡಿಸ್ತಿದ್ದೆ." ಎರಡನೇ ಅಲೆ ಎದ್ದಿತು.

ನಗು ಇಳಿದ ಮೇಲೆ ಡಾಕ್ಟರು ಬಂದು, ನೋಡಿ, ಹೃದಯ ತಾನಾಗಿ ನಿಂತಿದೆ ಎಂದು ಹೇಳಿದರು. ಹಿಂದೆಯೇ ಬಂದ ಉರ್ಬಾನೋ ತಲೆಯಾಡಿಸಿ, ಅಪಘಾತವೇ ಆಗಿಲ್ಲ, ವಿಮೆಗೂ ಇದಕ್ಕೂ ಸಂಬಂಧವಿಲ್ಲ, ತನಗೆ ಬಹಳ ದುಃಖವಾಗಿದೆ ಎಂದ. ಸರಿ, ಮನೆಗೆ ಹೋಗೋಣವೆಂದು ಅರಿಸ್ತೀದೆಸ್ ಕಾರಿನ ಕೀಲಿಗೆ ಕೈ ಚಾಚಿದ.

"ಅದು ಹಾಗಾಗಲ್ಲ," ಎಂದರು ಸಾರ್ಜೆಂಟ್ ಪಾಚೆಕೋ. ಈಗ ನಗು ಮುಖದ ಮೇಲಿರಲಿಲ್ಲ. "ಕೊಂದೆ ಅಂತ ಹೇಳಿದೀಯ. ಬರ್ದಾಗಿದೆ. ಈ ಪುಸ್ತಕದ ಹಾಳೆ ಹರಿಯೋ ಹಾಗಿಲ್ಲ. ವಿಚಾರಣೆ ಆಗೋವರೆಗೂ ಕಾರು ನಮ್ಮ ಅಂಗಳದಲ್ಲಿರತ್ತೆ. ಲೈಸೆನ್ಸ್ ಇಲ್ಲಿ ಕೊಡು."

"ಆದರೆ ನಾನು ಸುಳ್ಳು ಹೇಳ್ದೆ ಸಾರ್!"

"ಹಾಗಂದ್ರೆ ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಇನ್ನೊಂದು ಕೇಸು. ಯಾವುದು ಬೇಕೋ ಆರಿಸ್ಕೋ."

ಹೀಗೆ ವಿಮೆಯವರ ಲೆಕ್ಕದಲ್ಲಿ ಅಪಘಾತ ಆಗಲೇ ಇಲ್ಲ, ಠಾಣೆಯವರ ಲೆಕ್ಕದಲ್ಲಿ ಆಗಿಯೇ ಆಗಿದೆ. ನಡುವೆ ಒಬ್ಬ ಮನುಷ್ಯ ಮಾವನನ್ನೂ ಕಳೆದುಕೊಂಡ, ಕಾರನ್ನೂ ಕಳೆದುಕೊಂಡ. ಒಡೆದ ದೀಪಗಳ ಖರ್ಚನ್ನೂ ವಿಮೆ ತುಂಬಿಕೊಡುವುದಿಲ್ಲ. ಅದು ಮನುಷ್ಯರ ವಿಮೆ, ಕಾರಿನದ್ದಲ್ಲ ಎಂದು ಉರ್ಬಾನೋ ಬಾಗಿಲಲ್ಲಿ ನಿಂತು ತಿಳಿಸಿ ಹೋದ.

ಪೆಟ್ಟಿಗೆ ಮುನಿಸಿಪಾಲಿಟಿಯದೇ ಬಂತು. ಹಸಿ ಹಲಗೆ, ಹಿಡಿಗೆ ಬದಲು ಹಗ್ಗ. ದೋನ್ ಕಾಸಿಮೀರೋ ಉದ್ದನೆಯ ಆಳು. ಟೋಪಿ ಹಾಕಿದರೆ ಮುಚ್ಚಳ ಕೂರುವುದಿಲ್ಲ. ಟೋಪಿ ತೆಗೆದು ಹೊಟ್ಟೆಯ ಮೇಲಿಟ್ಟೆವು. ಎರಡೂ ಕೆನ್ನೆ ಶೇವ್ ಮಾಡಿದ್ದೆ, ಅಷ್ಟಾದರೂ ಆಯಿತು. ಬ್ಯಾಂಡಿನವರು ಅಷ್ಟೂ ಜನ ಮೇಲಿನ ಊರಿನ ಹಬ್ಬಕ್ಕೆ ಹೋಗಿದ್ದರು. ಕಾಲುನೋವೆಂದು ಹೋಗದೆ ಉಳಿದಿದ್ದ ದೊಡ್ಡ ಡೋಲಿನ ಮುದುಕ ಒಬ್ಬ ಬಂದ. ಸ್ಮಶಾನದವರೆಗೂ ಅವನೊಬ್ಬನೇ ಬಾರಿಸಿದ. ಎಲ್ಲಿ ತುತ್ತೂರಿ ಬರಬೇಕೋ ಅಲ್ಲೆಲ್ಲ ಕೋಲು ತಡೆದು ಕಾಯುತ್ತಿದ್ದ. ಅಷ್ಟು ಹೊತ್ತು ನಮ್ಮ ಚಪ್ಪಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮತ್ತೆ ಬಾರಿಸುತ್ತಿದ್ದ. ತುಲಿಯಾ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅವಳು ಮಾತಾಡದಿರುವುದನ್ನು ಊರು ಕಂಡದ್ದು ಅದೇ ಮೊದಲು. ಪೆಟ್ಟಿಗೆ ಇಳಿಸುವಾಗ ಹಗ್ಗದ ಗಂಟು ಬಿಚ್ಚಿಕೊಂಡಿತು. ಅವಳೇ ಮಂಡಿಯೂರಿ ಕುಳಿತು ಬಿಗಿದು ಕಟ್ಟಿದಳು.

ಹಿಂದಿರುಗುವಾಗ ಎಲ್ಲರೂ ನಡೆದೇ ಬಂದೆವು. ಬಿಸಿಲು ಚುರುಗುಟ್ಟುತ್ತಿತ್ತು. ನೀದಿಯಾ ಮುಂದೆ, ಅವಳಿಂದ ಅಷ್ಟು ಹಿಂದೆ ಅರಿಸ್ತೀದೆಸ್, ಅವನ ಬೆನ್ನಿಗೆ ನಾನು. ಠಾಣೆಯಲ್ಲಿ ನಕ್ಕಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಹೆಂಗಸರು ಅದನ್ನು ಗಮನಿಸಿ ಪಿಸುಗುಟ್ಟಿಯೂ ಆಗಿತ್ತು. ಗಿರಣಿಯ ತಿರುವಿನಲ್ಲಿ ಅವಳು ನಿಂತು, ಗಂಡ ಸಮಕ್ಕೆ ಬರುವವರೆಗೆ ಕಾದಳು.

"ಕೊನೇಲಿ ಅಪ್ಪ ಏನಂದ್ರು?"

ಅರಿಸ್ತೀದೆಸ್ ಯೋಚಿಸಿದ. ಇಂಥ ಹೊತ್ತಿಗೆ ಮಗಳಿಗೆ ಹೇಳಬಹುದಾದ ಒಳ್ಳೆಯ ಮಾತುಗಳು ಬೇಕಾದಷ್ಟಿವೆ. ಅವನಿಗೆ ಒಂದೂ ಹೊಳೆಯಲಿಲ್ಲ.

"ಏನೂ ಅನ್ಲಿಲ್ಲ. ಹಂದಿಮರಿ ದಾಟ್ತಿದ್ವಲ್ಲ, ಅವನ್ನ ಎಣಿಸ್ತಿದ್ರು. ಬೆರಳಲ್ಲಿ ತೋರಿಸ್ಕೊಂಡು, ಚಿಕ್ಕ ಹುಡುಗರ ಹಾಗೆ. ಏಳು ಅಂದಿದ್ದು ಕೇಳಿಸ್ತು."

"ಎಷ್ಟಿದ್ವು?"

"ಒಂಬತ್ತು."

ಅವಳು ಸ್ವಲ್ಪ ದೂರ ನಡೆದಳು. ಆಮೇಲೆ ತಿರುಗದೆಯೇ, "ಇನ್ನೆರಡೇ ಇದ್ವಲ್ಲ," ಎಂದು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತು ಅಳತೊಡಗಿದಳು. ಅವನು ಪಕ್ಕದಲ್ಲಿ ನೆರಳಾಗುವ ಹಾಗೆ ನಿಂತುಕೊಂಡ.